ತಂತ್ರಾಂಶದ ಕನ್ನಡ

ಭಾರತೀಯ ಭಾಷೆಗಳನ್ನು ಗಣಕಯಂತ್ರಕ್ಕೆ ಅಳವಡಿಸುವ ಕಾರ್ಯಕ್ರಮವನ್ನು ದೆಹಲಿಯಲ್ಲಿ ಕೇಂದ್ರ ಎಲೆಕ್ಟ್ರಾನಿಕ್ಸ್ ಇಲಾಖೆ 1991ರಲ್ಲಿ ಆರಂಭಿಸಿತು; 2022ರಲ್ಲಿ ‘ಭಾಷಿಣಿ’ ಬಂದಿತು. ಇಂದು ತಂತ್ರಾಂಶ ಬರೆಯಲು ನೆರವಾಗುವ ಕೃತಕ ಬುದ್ಧಿಮತ್ತೆಯೇ ಪರದೆಯ ಮೇಲಿನ ಮಾತುಗಳನ್ನೂ ಅನುವಾದಿಸಬಲ್ಲುದು. ‘ಓಪನ್’ ಎಂಬುದು ಗುಂಡಿಯ ಮೇಲಿದ್ದರೆ ‘ತೆರೆಯಿರಿ’, ಕಚೇರಿಯ ಸ್ಥಿತಿಯಾದರೆ ‘ತೆರೆದಿದೆ’. ಸುತ್ತಲಿನ ಆದೇಶಗಳನ್ನು ಓದಿ ಅದು ಈ ಭೇದವನ್ನು ಗುರುತಿಸಬಹುದು.

ತೊಡಕಿರುವುದು ವಿಭಕ್ತಿಯಲ್ಲಿ. ಹೆಸರಿಗೆಂದು ಬಿಟ್ಟ ತೆರಪಿಗೆ ‘ಗೆ’ ಅಂಟಿಸಿದರೆ ‘ಸೀತೆಗೆ’ ಸರಿ, ‘ರಮೇಶಗೆ’ ತಪ್ಪು. ಹಳೆಯ ಸರ್ಕಾರಿ ಪತ್ರಗಳ ‘ಅವರಿಗೆ’ ಎಂಬ ಪದವೇ ಇಲ್ಲಿ ಸುಲಭ ಪರಿಹಾರ! ಅರ್ಥದ ತಪ್ಪು ಇಷ್ಟು ಸುಲಭವಾಗಿ ಕಣ್ಣಿಗೆ ಬೀಳದು. ತಿದ್ದುಪಡಿಗಾಗಿ ‘ಹಿಂದಿರುಗಿಸಲಾಗಿದೆ’ ಎನ್ನಬೇಕಾದಲ್ಲಿ ‘ತಿರಸ್ಕರಿಸಲಾಗಿದೆ’ ಎಂದು ಮೂಡಿದರೆ, ಪಿಂಚಣಿ ಕೋರಿದ ವೃದ್ಧೆ ಮತ್ತೆ ಅರ್ಜಿ ಸಲ್ಲಿಸದೆಯೇ ಉಳಿದಾಳು. ಕನ್ನಡ ಬಲ್ಲವರು ಪ್ರತಿಯೊಂದು ಸಂದೇಶವನ್ನೂ ಪರದೆಯ ಮೇಲೆಯೇ ಓದಿ ಒಪ್ಪಬೇಕಾದುದು ಇದಕ್ಕಾಗಿ.