ಮಾತ್ರೆ ನುಂಗುವ ಮುಂಚೆ ಒಂದು ಮಾತು ಕೇಳೋಣ

(ವಿಶ್ವ ರೋಗಿಗಳ ದಿನದ ಅಂಗವಾಗಿ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸಂಸ್ಥೆಯ ಆರೋಗ್ಯ ವಿಭಾಗದ ಪರವಾಗಿ ಮಾಡಿದ ಭಾಷಣ)



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಆ ದಿನವನ್ನು ವಿಶ್ವ ರೋಗಿಗಳ ದಿನವಾಗಿ ಆಚರಿಸಬೇಕೆಂದು ಪೋಪ್ ಎರಡನೇ ಜಾನ್ ಪೌಲರು 1992ರಲ್ಲಿ ತಿಳಿಸಿದರು. 1993ರಿಂದ ಆಚರಣೆ ನಡೆದು ಬಂದಿದೆ. ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ, ಹೋಗಿ ಮಾತಾಡಿಸಿ ಬರುತ್ತೇವೆ. ಅದೆಲ್ಲ ಒಳ್ಳೆಯದೇ. ಆದರೆ ನಮ್ಮ ಮನೆಯ ರೋಗಿ ದಿನಾ ನುಂಗುವ ಮಾತ್ರೆ ಯಾವುದು, ಯಾತಕ್ಕೆ ಅಂತ ನಮಗೆ ಗೊತ್ತಿದೆಯಾ?

ಸಂಘದಲ್ಲಿ ನಾವು ಬಹಳ ಚುರುಕು. ಸಾಲದ ಬಡ್ಡಿಯಲ್ಲಿ ಹತ್ತು ರೂಪಾಯಿ ಹೆಚ್ಚು ಕಂಡರೆ ಪುಸ್ತಕ ಬರೆಯುವವರನ್ನು ಬಿಡುವುದಿಲ್ಲ. ಅದೇ ನಾವು ಆಸ್ಪತ್ರೆಯಲ್ಲಿ, ಮೆಡಿಕಲ್ ಶಾಪಿನಲ್ಲಿ ಬಾಯಿ ಬಿಡುವುದಿಲ್ಲ. ಕೊಟ್ಟದ್ದನ್ನು ಸೆರಗಿಗೆ ಕಟ್ಟಿಕೊಂಡು ಬರುತ್ತೇವೆ.

ಒಂದು ಘಟನೆ ಹೇಳುತ್ತೇವೆ. ನಮ್ಮ ಸಂಘವೊಂದರ ಸದಸ್ಯೆಗೆ ಶುಗರ್ ಕಾಯಿಲೆ. ಊರಿನ ಹತ್ತಿರ ಒಬ್ಬ ಡಾಕ್ಟರ ಬಳಿ ತೋರಿಸುತ್ತಿದ್ದರು. ಮಗಳ ಬಾಣಂತನಕ್ಕೆ ಹೋದಾಗ ಅಲ್ಲಿಯೂ ತೋರಿಸಿದರು. ಹಳೆಯ ಚೀಟಿ ಒಯ್ದಿರಲಿಲ್ಲ. ಅಲ್ಲಿ ಬರೆದುಕೊಟ್ಟದ್ದೂ ಅದೇ ಗ್ಲಿಮೆಪಿರೈಡ್ ಮಾತ್ರೆ. ಆದರೆ ಕಂಪನಿ ಬೇರೆ, ಹೆಸರು ಬೇರೆ, ಬಣ್ಣ ಬೇರೆ. ಇದು ಬೇರೆ ಮಾತ್ರೆ ಅಂದುಕೊಂಡು ಊರಿಗೆ ಬಂದ ಮೇಲೆ ಎರಡನ್ನೂ ನುಂಗುತ್ತಿದ್ದರು. ಒಂದು ದಿನ ತಿಂಡಿ ತಿನ್ನದೆ ಸಭೆಗೆ ಬಂದರು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಕೆಲವರು ಗಾಳಿ ಸೋಕಿದೆ ಅಂದರು. ನಮ್ಮ ಕಾರ್ಯಕರ್ತೆ ಬಿ.ಪಿ. ಇರಬೇಕೆಂದು ಗಾಳಿ ಬೀಸುತ್ತಾ ಕೂತರು. ತಾಯಿಗೆ ಶುಗರ್ ಇದ್ದ ಒಬ್ಬ ಸದಸ್ಯೆ ಮಾತ್ರ ಓಡಿಹೋಗಿ ಬೆಲ್ಲದ ನೀರು ತಂದು ಕುಡಿಸಿದರು. ಜೀವ ಉಳಿಯಿತು.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಶಿಬಿರ ಮಾಡಿ ಶುಗರ್ ಪರೀಕ್ಷೆ ಮಾಡಿಸಿದ್ದೆವು, ಮಾತ್ರೆಯ ವಿಷಯ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಇವತ್ತಿನ ಮಾತು.

ಶುಗರ್ ಮಾತ್ರೆ ನುಂಗುವವರಿಗೆ ಹೀಗಾದರೆ ಏನು ಮಾಡಬೇಕು? ಎಚ್ಚರ ಇದ್ದರೆ ಮೂರು-ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿಸಿ. ಸರಿಹೋದ ಮೇಲೆ ಊಟ ಕೊಡಿ, ಆಮೇಲೂ ಡಾಕ್ಟರಿಗೆ ತೋರಿಸಿ. ಮಾತ್ರೆಯ ಶಕ್ತಿ ಇನ್ನೂ ಮೈಯಲ್ಲಿರುವುದರಿಂದ ಶುಗರ್ ಮತ್ತೆ ಇಳಿಯಬಹುದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಇನ್ನು ಮಾತ್ರೆ ಕೊಡುವಾಗ ನಾವು ಕೇಳಬೇಕಾದ ಐದು ಪ್ರಶ್ನೆಗಳು:

1. ಇದು ಯಾವ ಕಾಯಿಲೆಗೆ?
2. ಯಾವ ಹೊತ್ತಿಗೆ ಎಷ್ಟು? ಊಟಕ್ಕೆ ಮುಂಚೆಯೋ, ಆಮೇಲೋ?
3. ಎಷ್ಟು ದಿನ ತಗೋಬೇಕು?
4. ಒಂದು ಹೊತ್ತು ಮರೆತರೆ ಏನು ಮಾಡಬೇಕು?
5. ಏನು ತೊಂದರೆ ಕಂಡರೆ ಕೂಡಲೇ ಬರಬೇಕು?

ನಾವಾಗಿಯೇ ಹೇಳಬೇಕಾದದ್ದೂ ಇದೆ. ಗರ್ಭಿಣಿಯೋ, ಮಗುವಿಗೆ ಹಾಲು ಕುಡಿಸುತ್ತೇವೋ, ಹಿಂದೆ ಯಾವುದಾದರೂ ಔಷಧಿಯಿಂದ ಮೈಮೇಲೆ ಗಂದೆ ಎದ್ದಿತ್ತೋ, ಬೇರೆ ಯಾವ ಮಾತ್ರೆ ನುಂಗುತ್ತಿದ್ದೇವೆ, ಇವೆಲ್ಲ ಹೇಳಬೇಕು. ನಾಟಿ ಔಷಧಿ ತಗೊಂಡಿದ್ದರೆ ಮುಚ್ಚಿಡಬೇಡಿ. ಬೈಸಿಕೊಂಡರೂ ಪರವಾಗಿಲ್ಲ.

ಮಾತ್ರೆ ಶೀಟಿನ ಮೇಲೆ ಎರಡು ಹೆಸರು ಇರುತ್ತವೆ. ಒಂದು ಕಂಪನಿ ಇಟ್ಟದ್ದು, ಇನ್ನೊಂದು ಔಷಧಿಯ ಮೂಲ ಹೆಸರು. ಮೂಲ ಹೆಸರು ಒಂದೇ ಆಗಿದ್ದರೆ ಅದು ಅದೇ ಔಷಧಿ. ಓದಲು ಬಾರದವರು ಮಕ್ಕಳ ಕೈಲೋ, ಆಶಾ ಕಾರ್ಯಕರ್ತೆಯ ಕೈಲೋ ಓದಿಸಿ. ಜ್ವರದ ಪ್ಯಾರಸಿಟಮಾಲ್ ವಿಷಯದಲ್ಲೂ ಇದೇ ಮೋಸ. ಎಷ್ಟೋ ನೆಗಡಿ ಮಾತ್ರೆಗಳಲ್ಲಿ ಅದೇ ಸೇರಿರುತ್ತದೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಂನ 8 ಮಾತ್ರೆ ಮೀರಲೇಬಾರದು. ಮೀರಿದರೆ ಲಿವರ್‌ಗೆ ಅಪಾಯ. ಮೈತೂಕ ಕಡಿಮೆ ಇರುವವರಿಗೆ, ಕುಡಿತದ ಅಭ್ಯಾಸ ಇರುವವರಿಗೆ ಅಷ್ಟೂ ಸಲ್ಲದು.

ಶೀಟಿನ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಾರದು. ಪಕ್ಕದ ಮನೆಯವರಿಗೆ ವಾಸಿಯಾಯಿತೆಂದು ಅವರ ಮಾತ್ರೆ ನಾವು ನುಂಗಬಾರದು. ಟಿ.ಬಿ. ಮಾತ್ರೆಯನ್ನು ಕೆಮ್ಮು ನಿಂತಿತೆಂದು ಅರ್ಧಕ್ಕೆ ಬಿಡಬಾರದು. ರಕ್ತ ಕಡಿಮೆ ಇರುವವರು ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆ ಪಾನಕದ ಜೊತೆ ಒಳ್ಳೆಯದು. ಮಲ ಕಪ್ಪಾದರೆ ಹೆದರಿ ಬಿಡಬೇಡಿ, ಈ ಮಾತ್ರೆಗೆ ಅದು ಸಹಜ.

ಕೊನೆಯದಾಗಿ ಒಂದು ಕೆಲಸ. ಮುಂದಿನ ಸಭೆಗೆ ಪಾಸ್‌ಬುಕ್ಕಿನ ಜೊತೆ ಮನೆಯಲ್ಲಿರುವ ಎಲ್ಲ ಮಾತ್ರೆ, ಚೀಟಿ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ತಾರೀಕು ಮುಗಿದದ್ದನ್ನು ಬೇರೆ ಮಾಡೋಣ. ದಿನಾ ನುಂಗುವುದನ್ನು ಒಂದು ಪುಸ್ತಕದಲ್ಲಿ ಬರೆಯೋಣ. ಒಂದೇ ಔಷಧಿ ಎರಡು ಹೆಸರಲ್ಲಿ ಇದೆಯೆಂದು ಅನುಮಾನ ಬಂದರೆ ನಾವೇ ನಿಲ್ಲಿಸುವುದು ಬೇಡ, ಅವತ್ತೇ ಹೋಗಿ ಡಾಕ್ಟರನ್ನು ಕೇಳೋಣ. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಆ ಪುಸ್ತಕ ಕೈಯಲ್ಲಿರಲಿ.

ಕೇಳಿದರೆ ಬೇಸರ ಮಾಡಿಕೊಂಡಾರು ಎಂಬ ಅಂಜಿಕೆ ನಮ್ಮಲ್ಲಿದೆ. ಬ್ಯಾಂಕಿನ ಮೆಟ್ಟಿಲು ಹತ್ತುವಾಗಲೂ ಮೊದಮೊದಲು ಹಾಗೇ ಅಂಜಿದ್ದೆವು. ಈಗ ಮ್ಯಾನೇಜರ ಎದುರು ಕುರ್ಚಿ ಎಳೆದುಕೊಂಡು ಕೂತು ಮಾತಾಡುತ್ತೇವೆ. ಆಸ್ಪತ್ರೆಯಲ್ಲೂ ಕೇಳೋಣ. ದೇವರು ಎಲ್ಲ ರೋಗಿಗಳಿಗೂ, ಅವರನ್ನು ನೋಡಿಕೊಳ್ಳುವ ಕೈಗಳಿಗೂ ಬಲ ಕೊಡಲಿ.