ರಾಷ್ಟ್ರಪಿತನ ನೂರೈವತ್ತನೆಯ ಜಯಂತಿ



ಮಹಾತ್ಮಾ ಗಾಂಧಿಯವರು ಹುಟ್ಟಿ ನೂರೈವತ್ತು ವರ್ಷಗಳು 2019ನೆಯ ಇಸವಿಯ ಅಕ್ಟೋಬರ್ 2ರಂದು ತುಂಬಿದುವು. ದೇಶದ ಉದ್ದಗಲಕ್ಕೂ ಸಭೆಗಳಾದುವು, ಮೆರವಣಿಗೆಗಳಾದುವು. ಅವರ ಹೆಸರಿನಲ್ಲಿ ನಾಣ್ಯವೂ ಅಂಚೆಚೀಟಿಗಳೂ ಹೊರಬಂದುವು. ಆ ಹೂಮಾಲೆಗಳು ಬಾಡಿ ಈಗ ಕೆಲವು ವರ್ಷಗಳು ಕಳೆದಿವೆ. ಹಬ್ಬದ ಗದ್ದಲವು ಅಡಗಿದ ಮೇಲೆ ನಮ್ಮ ಪಾಲಿಗೆ ಉಳಿದುದೇನು ಎಂಬುದನ್ನು ತಮ್ಮೊಡನೆ ವಿಚಾರಮಾಡಬೇಕೆಂಬುದು ನಮ್ಮ ಉದ್ದೇಶ.

ಈ ಮಾತನ್ನು ಆಕಾಶವಾಣಿಯ ಮೂಲಕ ಆಡುವುದರಲ್ಲಿ ಒಂದು ಔಚಿತ್ಯವಿದೆ. 'ರಾಷ್ಟ್ರಪಿತ'ನೆಂಬ ಬಿರುದನ್ನು ಯಾವ ಶಾಸನವೂ ಅವರಿಗೆ ಕೊಟ್ಟುದಲ್ಲ. 1944ರ ಜುಲೈ 6ರಂದು ಸುಭಾಷಚಂದ್ರ ಬೋಸರು ಹೊರದೇಶದಿಂದ ಬಾನುಲಿಯಲ್ಲಿ ಮಾತನಾಡುತ್ತ, ಅವರನ್ನು ರಾಷ್ಟ್ರದ ತಂದೆಯೆಂದು ಸಂಬೋಧಿಸಿ ಆಶೀರ್ವಾದವನ್ನು ಬೇಡಿದರು. ಹೋರಾಟದ ಮಾರ್ಗವನ್ನು ಕುರಿತು ಇಬ್ಬರಿಗೂ ತೀವ್ರವಾದ ಭಿನ್ನಾಭಿಪ್ರಾಯವಿದ್ದಿತು. ಆದರೂ ತಂದೆಯೆಂಬ ಮಾತು ಬಂದುದು ಆ ಬಾಯಿಂದಲೇ. ಗಾಂಧಿಯವರಾದರೋ ದೆಹಲಿಯ ಬಾನುಲಿ ನಿಲಯಕ್ಕೆ ಹೋದುದು ಒಂದೇ ಒಂದು ಸಲ. 1947ರ ನವೆಂಬರ್ 12ರಂದು, ಕುರುಕ್ಷೇತ್ರದ ಶಿಬಿರದಲ್ಲಿ ಮನೆಮಾರು ಕಳೆದುಕೊಂಡು ಕುಳಿತಿದ್ದ ನಿರಾಶ್ರಿತರಿಗೆ ಧೈರ್ಯ ಹೇಳುವುದಕ್ಕಾಗಿ ಹೋದರು.

ತಮ್ಮ ಹುಟ್ಟಿದ ದಿನದ ವಿಷಯದಲ್ಲಿ ಅವರಿಗೆ ಭ್ರಾಂತಿಯಿರಲಿಲ್ಲ. ಅದನ್ನು ಆಚರಿಸಲೇಬೇಕೆಂದಿದ್ದರೆ ರಾಟೆಯ ಜಯಂತಿಯೆಂದು ಆಚರಿಸಿರೆಂದರು. ಸ್ವಾತಂತ್ರ್ಯ ಬಂದ ವರ್ಷದ ಅಕ್ಟೋಬರ್ 2ರಂದು, ಸುತ್ತಲೂ ಜನರು ಒಬ್ಬರನ್ನೊಬ್ಬರು ಕೊಲ್ಲುತ್ತಿರುವಾಗ ತಮಗೆ ಅಭಿನಂದನೆಯೇಕೆ, ಸಂತಾಪವನ್ನು ಸೂಚಿಸುವುದೇ ಉಚಿತವಲ್ಲವೆ ಎಂದು ಕೇಳಿದರು. ಅವರ ಪಾಲಿಗೆ ಜಯಂತಿಯೆಂದರೆ ಲೆಕ್ಕ ನೋಡುವ ದಿನ.

ಆ ಲೆಕ್ಕವನ್ನು ನಮ್ಮ ಕೊಡಗಿನಲ್ಲಿಯೇ ನೋಡೋಣ. ಉತ್ತರ ಕೊಡಗಿನಲ್ಲಿ, ಹಾಸನದ ಗಡಿಗೆ ಸಮೀಪವಾಗಿ, ಶನಿವಾರಸಂತೆಯೆಂಬ ಊರಿದೆ. ವಾರದ ಸಂತೆಯೇ ಊರಿಗೆ ಹೆಸರು ಕೊಟ್ಟಿದೆ. ಭತ್ತ, ಕಾಫಿ, ಮೆಣಸು, ಏಲಕ್ಕಿಗಳು ಬೆಳೆಯುವ ಸೀಮೆಯಿದು. ಸಂತೆಯಲ್ಲಿ ಎಲ್ಲರ ದುಡ್ಡೂ ಒಂದೇ ಚೀಲಕ್ಕೆ ಬೀಳುವುದು. ತಕ್ಕಡಿಯು ಯಾರ ಜಾತಿಯನ್ನೂ ಕೇಳದು. ಆದರೆ ನಮ್ಮ ನಾಡಿನ ಅನೇಕ ಊರುಗಳಲ್ಲಿ ಹಿಂದೆ, ಅಸ್ಪೃಶ್ಯನೆನಿಸಿದವನು ತಂದ ದುಡ್ಡನ್ನು ನೆಲದ ಮೇಲೆ ಇಡಿಸಿ, ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ಸಾಮಾನನ್ನು ದೂರದಿಂದ ಹಾಕುತ್ತಿದ್ದರು. ನಾಣ್ಯಕ್ಕೆ ಶುದ್ಧಿಯುಂಟು, ಅದನ್ನು ಬೆವರು ಸುರಿಸಿ ದುಡಿದವನಿಗೆ ಶುದ್ಧಿಯಿಲ್ಲ: ಇದೇ ಆ ಪದ್ಧತಿಯ ನ್ಯಾಯ.

ಗಾಂಧಿಯವರು ಕೊಡಗಿಗೆ ಬಂದುದು ಈ ನ್ಯಾಯವನ್ನು ಪ್ರಶ್ನಿಸುವುದಕ್ಕಾಗಿಯೇ. 1933ರ ನವೆಂಬರಿನಲ್ಲಿ ವಾರ್ಧಾದಿಂದ ಹೊರಟು, ಒಂಬತ್ತು ತಿಂಗಳ ಕಾಲ ಸುಮಾರು 12,500 ಮೈಲಿಗಳನ್ನು ಸುತ್ತಿದ ಪ್ರವಾಸವದು. 1934ರ ಫೆಬ್ರವರಿಯಲ್ಲಿ ಅವರು ಕೊಡಗಿನಲ್ಲಿದ್ದರು. ಕೊಡಗು ಇಂಗ್ಲಿಷರ ಕೈಸೇರಿ ನೂರು ವರ್ಷಗಳು ತುಂಬುತ್ತಿದ್ದ ಕಾಲ. ಆದರೂ ಅವರು ಇಲ್ಲಿ ಮುಖ್ಯವಾಗಿ ಎತ್ತಿದುದು ಇಂಗ್ಲಿಷರ ತಪ್ಪನ್ನಲ್ಲ, ನಮ್ಮದನ್ನು.

ಆಗ ಸುಂಟಿಕೊಪ್ಪದ ಬಳಿಯ ಕಾಫಿತೋಟದಲ್ಲಿ ವಾಸವಾಗಿದ್ದ ಕಥೆಗಾರ್ತಿ ಗೌರಮ್ಮನವರು, ಮಹಾತ್ಮರು ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕುಳಿತರು. ಅವರು ಬಂದರು. ಗೌರಮ್ಮನವರು ಮಂಗಳಸೂತ್ರವೇ ಮೊದಲಾದ ಮುತ್ತೈದೆಯ ಒಡವೆಗಳನ್ನುಳಿದು ಮಿಕ್ಕುದೆಲ್ಲವನ್ನೂ ಹರಿಜನ ನಿಧಿಗೆ ಒಪ್ಪಿಸಿದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ವಿಧವೆಯರ ಸಂಕಟವನ್ನು ಕಥೆಗಳಲ್ಲಿ ನಿರ್ಭಯವಾಗಿ ಬರೆದ ಆಕೆ 1939ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ನೀರುಪಾಲಾದರು. ಒಡವೆಗಳ ಬೆಲೆಯೆಷ್ಟೆಂಬುದು ಇಲ್ಲಿ ಮುಖ್ಯವಲ್ಲ. ದರ್ಶನವನ್ನು ಬೇಡಿದವರು ದರ್ಶನದಿಂದಲೇ ತೃಪ್ತರಾಗದೆ ಏನನ್ನಾದರೂ ಬಿಟ್ಟುಕೊಟ್ಟರೆಂಬುದೇ ಮುಖ್ಯ.

ಆದರೆ ದಾನದಿಂದಲೇ ಲೆಕ್ಕವು ಚುಕ್ತಾ ಆಗುವುದಿಲ್ಲ. ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದವರು ಡಾಕ್ಟರ್ ಅಂಬೇಡ್ಕರರು. ಅವರು ಕೇಳಿದುದು ಕನಿಕರವನ್ನಲ್ಲ, ಹಕ್ಕನ್ನು. ಗಾಂಧಿಯವರು ಪ್ರೀತಿಯಿಂದ ಪ್ರಚಾರಕ್ಕೆ ತಂದ 'ಹರಿಜನ'ವೆಂಬ ಹೆಸರನ್ನೂ ಅಂಬೇಡ್ಕರರು ಮತ್ತು ದಲಿತರಲ್ಲಿ ಅನೇಕರು ಒಪ್ಪಲಿಲ್ಲ. ರಾಷ್ಟ್ರಪಿತನನ್ನು ಪೂಜಿಸುವವರು ಈ ವಾದವನ್ನು ಕೇಳಿಸಿಕೊಳ್ಳದೆ ಹೋದರೆ ಆ ಪೂಜೆಯು ಅಪೂರ್ಣವಾದುದು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ತನ್ನ 17ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಅದನ್ನು ಆಚರಿಸುವವರಿಗೆ ಶಿಕ್ಷೆಯನ್ನು ವಿಧಿಸುವ ಕಾಯಿದೆಯು 1955ರಲ್ಲಿ ಬಂದಿತು. ಕೊಡಗಿನ ಎರವರು ತಲೆಮಾರುಗಳ ಕಾಲ ಒಡೆಯರ ಗದ್ದೆಗಳಿಗೆ ಕಟ್ಟುಬಿದ್ದು ದುಡಿದವರು. ಜೀತವನ್ನು ನಿಷೇಧಿಸುವ ಕಾಯಿದೆಯಾದುದು 1976ರಲ್ಲಿ. ಒಡವೆಯನ್ನು ಕೊಟ್ಟ ಕೈಯೂ ಬೇಕಾಗಿದ್ದಿತು, ಕಾಯಿದೆಯನ್ನು ಬರೆದ ಕೈಯೂ ಬೇಕಾಗಿದ್ದಿತು.

ಮಡಿಕೇರಿಯ ಖಜಾನೆಯಲ್ಲಿ ಮಹಾತ್ಮರ ಚಿತಾಭಸ್ಮದ ಒಂದಂಶವನ್ನು ಭದ್ರವಾಗಿ ಇಟ್ಟಿದ್ದಾರೆ. ಜನವರಿ 30ರಂದು ಅದನ್ನು ಗೌರವದಿಂದ ಹೊರತಂದು, ಗಾಂಧಿ ಮಂಟಪದಲ್ಲಿ ನಮನವನ್ನು ಸಲ್ಲಿಸಿ, ಮರಳಿ ಒಳಗಿಡುವರು. ಈ ಸಂಪ್ರದಾಯವು ಪೂಜ್ಯವಾದುದು. ಆದರೆ ನಾವು ವಿದ್ಯಾವಂತರು ಅವರ ಉಪದೇಶವನ್ನೂ ಹೀಗೆಯೇ ವರ್ಷಕ್ಕೊಮ್ಮೆ ಹೊರತೆಗೆದು ಬೀಗ ಹಾಕುವೆವೋ ಏನೋ! ನಗರದ ಮನೆಗಳಲ್ಲಿ ಕೆಲಸದಾಕೆಗೆಂದು ಬೇರೆ ಲೋಟವನ್ನಿಡುವವರು ಇಂದಿಗೂ ಇದ್ದಾರೆ. ಬಾಡಿಗೆಗೆ ಮನೆ ಕೇಳಿ ಬಂದವನಿಂದ ಊರು, ಉದ್ಯೋಗಗಳಾದ ಮೇಲೆ ಮೆಲ್ಲನೆ ಜಾತಿಯನ್ನು ಹೊರಡಿಸುವವರು ಇದ್ದಾರೆ. ಇವರಲ್ಲಿ ಅನೇಕರು ನಮ್ಮಂತೆಯೇ ಕಾಲೇಜುಗಳಲ್ಲಿ ಓದಿದವರು, ಗಾಂಧಿ ಜಯಂತಿಯ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರು. ನೀರು ಚಿಮುಕಿಸುವ ಕೈ ನಿಂತಿರಬಹುದು, ಚಿಮುಕಿಸುವ ಮನಸ್ಸು ನಿಂತಿಲ್ಲ.

ಇನ್ನು ಮುಂದೆಯೂ ಜಯಂತಿಗಳು ಬರುವುವು. 2069ರಲ್ಲಿ ಇನ್ನೂರನೆಯದು ಬರುವುದು. ಆಗ ಮಾತನಾಡುವವರು ಆ ಲೋಟದ ವಿಷಯವನ್ನು ಹಳೆಯ ಕಾಲದ ಸಂಗತಿಯೆಂದು ಮಕ್ಕಳಿಗೆ ವಿವರಿಸಿ ಹೇಳಬೇಕಾಗಿ ಬಂದರೆ, ಅದೇ ಆ ಮಹಾಪುರುಷನಿಗೆ ಸಲ್ಲತಕ್ಕ ಗೌರವ. ಅದಕ್ಕೆ ಮೆರವಣಿಗೆಯೂ ಬೇಡ, ಚಂದಾಪಟ್ಟಿಯೂ ಬೇಡ. ನಾಳೆಯ ಬೆಳಗಿನ ಕಾಫಿಯನ್ನು ಮನೆಯವರೆಲ್ಲರೂ ಕುಡಿಯುವ ಲೋಟದಲ್ಲಿಯೇ ಆಕೆಗೂ ಕೊಟ್ಟರೆ ಸಾಕು.