ಕಾರ್ಮಿಕ ಸಂಘದ ಮುಂದಾಳು ಮತ್ತು ಮನಸ್ಸಿನ ಆರೋಗ್ಯ
(ಉಪನ್ಯಾಸ)



ಬಸರಾಳಿನ ಮಲ್ಲಿಕಾರ್ಜುನ ದೇವಾಲಯವನ್ನು 1234ರಲ್ಲಿ ಹರಿಹರ ದಣ್ಣಾಯಕನು ಕಟ್ಟಿಸಿದನೆಂಬುದು ತಮಗೆಲ್ಲ ವಿದಿತವೇ ಆಗಿದೆ. ಕಟ್ಟಿಸಿದವನ ಹೆಸರು ಉಳಿಯಿತು. ಕಲ್ಲು ಕಡೆದವರ ಮನೋವ್ಯಥೆಯನ್ನು ಬರೆದಿಟ್ಟವರಿಲ್ಲ. ದುಡಿಯುವವನ ಮೈದಣಿವು ಕಣ್ಣಿಗೆ ಕಾಣುವುದು. ಮನದ ದಣಿವು ಕಾಣದು.

ಈ ಸೀಮೆಯ ಕಬ್ಬನ್ನು ಅರೆಯಲು 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ಕೆಲವು ವರ್ಷ ನಿಂತಿದ್ದ ಅದರ ಯಂತ್ರಗಳು 2022ರಲ್ಲಿ ಮರಳಿ ತಿರುಗಿದವು. ಯಾವುದೇ ಕಾರ್ಖಾನೆಯು ನಿಂತಾಗ ಸಂಬಳದೊಡನೆ ಕಾರ್ಮಿಕನ ನಿದ್ರೆಯೂ ಮನೆಯ ನೆಮ್ಮದಿಯೂ ಹೋಗುವುವು. ಆಗ ಅವನು ವೈದ್ಯನಿಗಿಂತ ಮೊದಲು ಸಂಘದ ಮುಂದಾಳನ್ನು ಅರಸಿ ಬರುವನು. 1926ರ ಕಾಯಿದೆಯು ಸಂಘಗಳಿಗೆ ಮನ್ನಣೆಯನ್ನು ಕೊಟ್ಟಿತು. ಸಂಬಳ, ಬೋನಸ್ಸುಗಳ ವಾದವನ್ನು ಮುಂದಾಳು ಬಲ್ಲನು. ಕುಗ್ಗಿದ ಮನಸ್ಸನ್ನು ಗುರುತಿಸುವ ಬಗೆಯನ್ನು ಅವನಿಗೆ ಕಲಿಸಿದವರಾರು?

ಇದು ಕಲಿಸಬಾರದ ವಿದ್ಯೆಯೇನೂ ಅಲ್ಲ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸುವ ಶಿಕ್ಷಣವನ್ನಿತ್ತಿತು. ಆ ಮಾದರಿಯೇ 1996ರಿಂದ ದೇಶದ ಇತರ ಜಿಲ್ಲೆಗಳಿಗೆ ಹಬ್ಬಿತು.

ಆದಕಾರಣ ಮುಂದಾಳು ಕಲಿಯತಕ್ಕವು ಮೂರು: ಉಪದೇಶಕ್ಕೆ ಮೊದಲು ಕಿವಿಗೊಡುವುದು, ಕೇಳಿದ ಗುಟ್ಟನ್ನು ಕಾಪಾಡುವುದು, ವೈದ್ಯನ ಬಳಿಗೆ ಜೊತೆಯಾಗಿ ನಡೆವುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಯೂ ಅವನ ಬಾಯಲ್ಲಿರತಕ್ಕದ್ದು. ರಾತ್ರಿ ಪಾಳಿ, ಬಾಕಿ ಸಂಬಳ, ಮೇಲಿನವರ ಬೈಗುಳ ಇವೇ ನೋವಿನ ಮೂಲವಾದಾಗ, ಅವನ್ನು ಮಾಲೀಕರ ಮುಂದಿಟ್ಟು ಸರಿಪಡಿಸುವುದೂ ಚಿಕಿತ್ಸೆಯ ಭಾಗವೇ ಸರಿ.

ಕಾಯಕವು ಹಿರಿದೆಂದು ಸಾರಿದ ನಾಡಿದು. ಕಾಯಕ ಮಾಡುವವನ ಮನಸ್ಸನ್ನು ಕಾಯಬಲ್ಲ ಮುಂದಾಳುಗಳು ಊರೂರಿನಲ್ಲಿ ಸಿದ್ಧರಾಗಲಿ.